ಮಗುವಿಗೆ ಪ್ರಯತ್ನ ಮಾಡುವವರು ಮೈ ಬಿಸಿ ನೋಡೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಥರ್ಮಾಮೀಟರಿನಲ್ಲಿ ಬಿಸಿ ಏರಿದ್ದು ಕಾಣುವ ಹೊತ್ತಿಗೆ ಆ ತಿಂಗಳು ಗರ್ಭ ನಿಲ್ಲಲು ಒಳ್ಳೆಯ ದಿನಗಳು ಕಳೆದಿರುತ್ತವೆ. ಅಂಡ ಬಿಡುಗಡೆ ಆದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಜಾಸ್ತಿಯಾಗಿ ಮೈ ಬಿಸಿ ಏರುತ್ತದೆ. ಅಂಡ ಉಳಿಯೋದು 12ರಿಂದ 24 ಗಂಟೆ ಅಷ್ಟೇ. ಮತ್ತೆ ಯಾಕೆ ನೋಡಬೇಕು? ಅಂಡ ಬಿಡುಗಡೆ ಆಗುತ್ತಿದೆಯಾ, ಮುಟ್ಟಾದ ಎಷ್ಟನೇ ದಿನಕ್ಕೆ ಆಗುತ್ತಿದೆ ಅನ್ನೋದು ಎರಡು ಮೂರು ತಿಂಗಳು ಬರೆದಿಟ್ಟರೆ ಗೊತ್ತಾಗುತ್ತದೆ.

ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರ್ ನಡೆಯುತ್ತದೆ, ಸಣ್ಣ ಏರಿಳಿತವನ್ನೂ ತೋರಿಸುವ ಬೇಸಲ್ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಹಣೆಗೆ ಹಿಡಿಯೋದು ಬೇಡ. ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿ. ಎಚ್ಚರ ಆದ ಕೂಡಲೇ, ಏಳದೆ, ನೀರು ಕುಡಿಯದೆ ನಾಲಿಗೆ ಕೆಳಗೆ ಇಡಿ. ನಮ್ಮ ವಿಜಯಪುರದ ಕಡೆ ತಕರಾರು ಬರೋದು ಇಲ್ಲೇ. ನಸುಕಿನಲ್ಲಿ ನಳ ಬಂತು ಅಂತ ಕೊಡ ಹಿಡಿದು ಓಡಿ, ನೀರು ತುಂಬಿಸಿ, ಮತ್ತೆ ಬಂದು ಅಡ್ಡಾಗಿ ಆರು ಗಂಟೆಗೆ ನೋಡಿದ ಅಂಕಿ ಲೆಕ್ಕಕ್ಕಿಲ್ಲ. ನೀರಿಗೆ ಏಳುವ ಮೊದಲೇ ನೋಡಿ, ಆದಷ್ಟು ದಿನಾ ಅದೇ ಹೊತ್ತಿಗೆ. ಅದಕ್ಕೆ ಮುಂಚೆ ಕನಿಷ್ಠ ಮೂರು ಗಂಟೆ ನಿದ್ದೆ ಆಗಿರಬೇಕು. ಸೆಕೆಗೆ ಮಾಳಿಗೆ ಮೇಲೆ ಮಲಗಿದ್ದು, ಕರೆಂಟ್ ಹೋಗಿ ನಿದ್ದೆಗೆಟ್ಟಿದ್ದು, ಜ್ವರ, ರಾತ್ರಿ ಬಸ್ಸು, ಎಲ್ಲವನ್ನೂ ಅಂಕಿಯ ಪಕ್ಕ ಗೀಚಿಡಿ. ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರ ಬೇಡ, ಮನೆಗೆ ಬಂದವರೆಲ್ಲ ಓದುತ್ತಾರೆ.

ಏರಿಕೆ ಸಣ್ಣದು, ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್. 97.2, 97.3 ಅಂತ ಇದ್ದದ್ದು 97.8ಕ್ಕೆ ಹೋಗಬಹುದು. ಹಿಂದಿನ ಆರು ದಿನಕ್ಕಿಂತ ಜಾಸ್ತಿ ಬಿಸಿ ಸತತ ಮೂರು ದಿನ ನಿಂತರೆ ಅಂಡ ಬಿಡುಗಡೆ ಆಗಿದೆ ಅಂತ ತಿಳಿಯಿರಿ. ಹಾಗೇ 18 ದಿನ ಇಳಿಯದಿದ್ದರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ಒಳ್ಳೆಯ ದಿನ ಬಂತು ಅಂತ ಮೊದಲೇ ಹೇಳೋದು ಬಿಳಿ ಸ್ರಾವ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತೆ ಇರುತ್ತದೆ, ಆಮೇಲೆ ಅಂಟಂಟು, ಆಮೇಲೆ ತಿಳಿಯಾಗಿ ಜಾರುತ್ತದೆ. ಎರಡು ಬೆರಳ ನಡುವೆ ಎಳೆದರೆ ಹರಿಯದೆ ಎಳೆಯಾಗಿ ಬರುತ್ತದೆ. ಹಸಿ ತತ್ತಿಯ ಬಿಳಿ ಲೋಳೆಯಂತೆ ಅನ್ನುತ್ತಾರೆ, ತತ್ತಿ ಒಡೆಯದ ಮನೆಯವರು ಲೋಳೆಸರದ ಎಲೆ ಸೀಳಿ ನೋಡಿ, ಹೆಚ್ಚು ಕಡಿಮೆ ಅದೇ. ಇದು ಕಂಡ ದಿನದಿಂದಲೇ ದಿನಾ ಅಥವಾ ದಿನ ಬಿಟ್ಟು ದಿನ ಸೇರಿ, ಬಿಸಿ ಏರಲಿ ಅಂತ ಸುಮ್ನೆ ಕಾಯಬೇಡಿ. ವೀರ್ಯಾಣು ಒಳಗೆ 5 ದಿನದವರೆಗೂ ಬದುಕಬಲ್ಲದು, ಅಂಡಕ್ಕೆ ಅಷ್ಟು ಆಯಸ್ಸಿಲ್ಲ ಅಲ್ವಾ. ಸ್ರಾವ ವಾಸನೆ ಬಂದರೆ, ತುರಿಕೆ ಇದ್ದರೆ ಅದು ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ.

ಮೂತ್ರದಲ್ಲಿ ನೋಡುವ ಓವ್ಯುಲೇಶನ್ (ಅಂಡ ಬಿಡುಗಡೆ) ಟೆಸ್ಟ್ ಪಟ್ಟಿಯೂ ಸುಮಾರು ಒಂದೂವರೆ ದಿನ ಮೊದಲು ಸುಳಿವು ಕೊಡುತ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಿನ ತೊಂದರೆ) ಇದ್ದವರಿಗೆ ಅದು ದಾರಿ ತಪ್ಪಿಸಬಹುದು.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ವಯಸ್ಸು 35 ದಾಟಿದ್ದರೆ ಆರೇ ತಿಂಗಳಿಗೆ, ಬರೆದಿಟ್ಟ ಹಾಳೆ ತಗೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮುಟ್ಟು ಏರುಪೇರಾದವರು ಅಷ್ಟು ಕಾಯಬೇಕಿಲ್ಲ. ಯಜಮಾನರನ್ನೂ ಕರೆದುಕೊಂಡು ಹೋಗಿ, ವೀರ್ಯ ಪರೀಕ್ಷೆ ಮೊದಲ ಭೇಟಿಯಲ್ಲೇ ಬರೆಸಿಕೊಳ್ಳಿ.