ಚಿಕಿತ್ಸೆಯಿಂದಲೇ ತೊಂದರೆಯಾದರೆ ಪರಿಹಾರ ಕೇಳುವುದು ಹೇಗೆ?

ಆಪರೇಷನ್ ಮುಗಿದು ಮನೆಗೆ ಬಂದಾಗಿದೆ. ಆದರೆ ಆಸ್ಪತ್ರೆಗೆ ಹೋಗುವಾಗ ಇಲ್ಲದ ತೊಂದರೆಯೊಂದು ಈಗ ಅಂಟಿಕೊಂಡಿದೆ. ಕಾಲಿನ ಬಲ ಹೋಗಿದೆ, ಹೊಲಿಗೆ ಹಾಕಿದ ಜಾಗದಲ್ಲಿ ಕೀವು ನಿಲ್ಲುತ್ತಿಲ್ಲ, ಅಥವಾ ಒಂದು ಇಂಜೆಕ್ಷನ್ ಆದಮೇಲೆ ಕೈ ಎತ್ತೋಕೆ ಆಗುತ್ತಿಲ್ಲ. ಮನೆಯಲ್ಲಿ ಒಬ್ಬರು ‘ಕೇಸ್ ಹಾಕೋಣ’ ಅಂತಾರೆ. ಇನ್ನೊಬ್ಬರು ‘ಡಾಕ್ಟರ ಮೇಲೆ ಕೇಸ್ ಹಾಕಿ ಗೆದ್ದವರು ಯಾರಿದ್ದಾರೆ?’ ಅಂತಾರೆ. ಗೆದ್ದವರು ಇದ್ದಾರೆ. ಅವರ ಕೈಯಲ್ಲಿ ಕಾಗದ ಗಟ್ಟಿಯಾಗಿತ್ತು, ಅಷ್ಟೇ.

ವಕೀಲರನ್ನು ಹುಡುಕುವುದಕ್ಕೂ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಚಿಕಿತ್ಸೆ ಫಲಿಸಲಿಲ್ಲ ಅನ್ನುವುದೊಂದೇ ನಿರ್ಲಕ್ಷ್ಯ ಆಗುವುದಿಲ್ಲ. ಅದೇ ವಿಷಯ ಓದಿದ, ಸಾಧಾರಣ ಅನುಭವ ಇರುವ ಇನ್ನೊಬ್ಬ ಡಾಕ್ಟರು ಆ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇವರು ಮಾಡಲಿಲ್ಲವೇ ಎಂದು ಕೋರ್ಟು ನೋಡುತ್ತದೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹಾಕಿಕೊಟ್ಟ ಅಳತೆ ಇದು. ಎಲ್ಲ ಜಾಗ್ರತೆ ವಹಿಸಿದ ಮೇಲೂ ಕೆಲವು ಆಪರೇಷನ್‌ಗಳಲ್ಲಿ ಸೋಂಕು ಬರಬಹುದು. ಆದರೆ ಜ್ವರ ಏರುತ್ತಿದೆ ಎಂದು ಚಾರ್ಟಿನಲ್ಲೇ ಬರೆದಿದ್ದರೂ ಎರಡು ದಿನ ಯಾರೂ ತಿರುಗಿ ನೋಡದಿದ್ದರೆ ಅದು ಬೇರೆ ಮಾತು.

ಮೊದಲ ಕೆಲಸ: ಕೇಸ್ ಶೀಟ್

ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ, ಸಾಕು ಅಂದುಕೊಳ್ಳಬೇಡಿ. ಅದು ಆಸ್ಪತ್ರೆಯವರು ಕೊನೆಯಲ್ಲಿ ಬರೆದುಕೊಡುವ ಒಂದೆರಡು ಪುಟ. ನಿಮಗೆ ಬೇಕಾದದ್ದು ಪೂರ್ತಿ ಕೇಸ್ ಶೀಟ್: ಅಡ್ಮಿಷನ್ ನೋಟ್ಸ್, ಡಾಕ್ಟರು ದಿನಾ ಬರೆದ ನೋಟ್ಸ್, ನರ್ಸ್‌ಗಳ ನೋಟ್ಸ್, ಔಷಧಿ ಚಾರ್ಟು, ಬಿಪಿ-ಜ್ವರದ ಚಾರ್ಟು, ಅರಿವಳಿಕೆ ನೋಟ್ಸ್, ಆಪರೇಷನ್ ನೋಟ್ಸ್, ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟು. ಸ್ಕ್ಯಾನ್ ಆಗಿದ್ದರೆ ರಿಪೋರ್ಟಿನ ಜೊತೆ ಫಿಲ್ಮು ಅಥವಾ ಸಿಡಿ ಕೂಡ.

ಬಾಯಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುವ ಉತ್ತರವೇ ಜಾಸ್ತಿ. ಹಾಗಾಗಿ ಬರೆದು ಕೊಡಿ. ಉದ್ದ ಬೇಡ, ಇಷ್ಟಿದ್ದರೆ ಸಾಕು:

“ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಿಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ನನ್ನ ಐಪಿ (ಒಳರೋಗಿ) ನಂಬರು ಇದು. ನರ್ಸ್ ನೋಟ್ಸ್, ಔಷಧಿ ಚಾರ್ಟು, ಅರಿವಳಿಕೆ ಮತ್ತು ಆಪರೇಷನ್ ನೋಟ್ಸ್, ಒಪ್ಪಿಗೆ ಪತ್ರ ಸೇರಿದಂತೆ ಸಂಪೂರ್ಣ ಕೇಸ್ ಶೀಟಿನ ದೃಢೀಕೃತ ಪ್ರತಿಯನ್ನು 72 ಗಂಟೆಯೊಳಗೆ ಕೊಡಬೇಕಾಗಿ ಕೋರುತ್ತೇನೆ.”

ಈ 72 ಗಂಟೆ ಎನ್ನುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿ ಇದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು ಎಂದೂ ಅದರಲ್ಲೇ ಇದೆ. ಅರ್ಜಿಯ ಒಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲನ್ನೂ ಕಳಿಸಿ. ಕೊಡದಿದ್ದರೆ ಆ ನಿರಾಕರಣೆಯೇ ಮುಂದೆ ನಿಮಗೆ ಒಂದು ಸಾಕ್ಷಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು.

ಇನ್ನೊಂದು ಕಹಿ ಮಾತು. ರೋಗಿ ತೀರಿಕೊಂಡಿದ್ದು, ಸಾವಿನ ಬಗ್ಗೆ ಅನುಮಾನ ಇದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಆ ಹೊತ್ತಿನಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ, ನಿಜ. ಆದರೆ ಅದಿಲ್ಲದೆ ಸಾವಿಗೆ ಕಾರಣ ಏನು ಅನ್ನುವ ಜಗಳ ಆಮೇಲೆ ಬಗೆಹರಿಯುವುದೇ ಕಷ್ಟ.

ಕಾಗದ ಓದುವುದು

ಕೇಸ್ ಶೀಟ್ ಕೈಗೆ ಬಂದರೆ ಮೊದಲು ನರ್ಸ್ ನೋಟ್ಸ್ ತೆಗೆಯಿರಿ. ಅಲ್ಲಿ ಗಂಟೆ ಗಂಟೆಯ ಲೆಕ್ಕ ಇರುತ್ತದೆ. ರಾತ್ರಿ 2 ಗಂಟೆಗೆ ಬಿಪಿ 90/60ಕ್ಕೆ ಇಳಿದಿದೆ, ‘ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ಬರೆದಿದೆ ಅನ್ನಿ. ಡಾಕ್ಟರ ನೋಟ್ಸ್ ತಿರುವಿದರೆ ಮುಂದಿನ ಬರಹ ಬೆಳಿಗ್ಗೆ 7.30ಕ್ಕೆ. ನಡುವಿನ ಐದೂವರೆ ಗಂಟೆ ಏನಾಯಿತು? ಡಾಕ್ಟರು ಬಂದಿದ್ದರೆ ಎಲ್ಲಿ ಬರೆದಿದ್ದಾರೆ? ದೂರಿನ ಬೆನ್ನೆಲುಬು ಇಂಥ ಪ್ರಶ್ನೆಗಳೇ. ‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದು ಹತ್ತು ಪುಟ ಬರೆದರೂ ಇದರಷ್ಟು ತೂಕ ಬರುವುದಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ನಡೆದದ್ದು, ಅದಕ್ಕೆ ಯಾವ ಪುಟ ಸಾಕ್ಷಿ ಎಂದು ನಾಲ್ಕು ಕಾಲಂ ಎಳೆದು ಬರೆಯುತ್ತಾ ಹೋಗಿ. ತಿದ್ದಿದ, ಮೇಲೆ ಬರೆದ, ಬೇರೆ ಶಾಯಿಯ ಸಾಲುಗಳನ್ನೂ ಗುರುತು ಹಾಕಿ.

ಒಪ್ಪಿಗೆ ಪತ್ರವನ್ನು ಬೇರೆಯಾಗಿಯೇ ಓದಿ. ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ, ಯಾವುದು ನಡೆದಿದೆ? ಸಮೀರಾ ಕೊಹ್ಲಿ ಪ್ರಕರಣದಲ್ಲಿ ಮಹಿಳೆ ಒಪ್ಪಿದ್ದು ಲ್ಯಾಪರೊಸ್ಕೋಪಿ ಪರೀಕ್ಷೆಗೆ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಹೊಟ್ಟೆಯೊಳಗೆ ನೋಡುವುದಕ್ಕೆ. ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ ರೋಗಿ ಎಚ್ಚರವಾಗುವವರೆಗೆ ಕಾಯಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಸಿಕ್ಕ ಪರಿಹಾರ 25 ಸಾವಿರ ರೂಪಾಯಿ ಮಾತ್ರ. ತತ್ವ ದೊಡ್ಡದು, ಮೊತ್ತ ಚಿಕ್ಕದು!

ಆಮೇಲೆ ಈ ಕಾಗದಗಳನ್ನು ಅದೇ ವಿಭಾಗದ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ‘ಅವರು ತಪ್ಪು ಮಾಡಿದ್ದಾರಾ?’ ಎಂದು ಕೇಳಿದರೆ ಹೆಚ್ಚಿನವರು ಬಾಯಿ ಬಿಡುವುದಿಲ್ಲ. ‘ಇಂಥ ಸ್ಥಿತಿಯಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ, ಯಾವ ಟೆಸ್ಟ್ ಮಾಡಿಸುತ್ತಾರೆ?’ ಎಂದು ಕೇಳಿ ನೋಡಿ. ಬರೆದುಕೊಟ್ಟರೆ ಚಿನ್ನ. ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಕಡ್ಡಾಯ ಅಲ್ಲ ಎಂದು ಕಿಶನ್ ರಾವ್ ಪ್ರಕರಣದಲ್ಲಿ 2010ರಲ್ಲಿ ತೀರ್ಪು ಬಂದಿದೆ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆ, ಎಡಗಾಲಿನ ಬದಲು ಬಲಗಾಲಿಗೆ ಆಪರೇಷನ್ ಮಾಡಿದರೆ ತಜ್ಞರು ಬಂದು ವಿವರಿಸಬೇಕಾಗಿಲ್ಲ, ಅಲ್ವಾ? ಉಳಿದ ಕೇಸುಗಳಲ್ಲಿ ಅಭಿಪ್ರಾಯ ಇಲ್ಲದೆ ಹೋಗುವುದು ಅಪಾಯ.

ಯಾವ ಬಾಗಿಲು ತಟ್ಟಬೇಕು

ಹಣದ ಪರಿಹಾರ ಬೇಕಾದರೆ ಹೆಚ್ಚಿನವರಿಗೆ ಸರಿಹೊಂದುವುದು ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರು ಗ್ರಾಹಕರು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದುಡ್ಡನ್ನು ಇನ್ಶೂರೆನ್ಸ್ ಕಂಪನಿಯೋ ಕೆಲಸ ಕೊಟ್ಟವರೋ ಕಟ್ಟಿದ್ದರೂ ಸರಿ. ಕೆಲವರಿಗೆ ಉಚಿತ, ಕೆಲವರಿಗೆ ಬಿಲ್ಲು ಎನ್ನುವ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದವರೂ ದೂರು ಕೊಡಬಹುದು. ಎಲ್ಲರಿಗೂ ಪೂರ್ತಿ ಉಚಿತವಾದ ಆಸ್ಪತ್ರೆ ಮಾತ್ರ ಗ್ರಾಹಕ ಸಂರಕ್ಷಣಾ ಕಾನೂನಿನ ಹೊರಗೆ. ಅಲ್ಲಿ ತೊಂದರೆಯಾದರೆ ಸಿವಿಲ್ ಕೋರ್ಟ್ ಅಥವಾ ಹೈಕೋರ್ಟ್ ದಾರಿ.

ಉಳಿದ ಬಾಗಿಲುಗಳಲ್ಲಿ ಹಣ ಸಿಗುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತು ಡಾಕ್ಟರ ನೋಂದಣಿಯ ಮೇಲೆ ಕ್ರಮ ತೆಗೆದುಕೊಳ್ಳಬಹುದು. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಪೊಲೀಸ್ ಕಂಪ್ಲೇಂಟ್ ಕೊಡುವ ಹಕ್ಕೂ ಇದೆ. ಆದರೆ ಕ್ರಿಮಿನಲ್ ಕೇಸಿಗೆ ತೀರಾ ದೊಡ್ಡ ಮಟ್ಟದ ನಿರ್ಲಕ್ಷ್ಯವೇ ಬೇಕು, ಸ್ವತಂತ್ರ ವೈದ್ಯರ ಅಭಿಪ್ರಾಯವೂ ಬೇಕು. ಇನ್ನು ಸಿಟ್ಟಿನಲ್ಲಿ ಆಸ್ಪತ್ರೆಯ ಗಾಜು ಒಡೆಯುವುದಂತೂ ಬೇಡವೇ ಬೇಡ. ಅದಕ್ಕೆಂದೇ ರಾಜ್ಯದಲ್ಲಿ 2009ರ ಕಾನೂನಿದೆ, ಆಮೇಲೆ ಆರೋಪಿ ನೀವೇ.

ಎರಡು ವರ್ಷ ಮೀರಬೇಡಿ

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು. ತಕ್ಕ ಕಾರಣ ಕೊಟ್ಟರೆ ಆಯೋಗ ತಡವನ್ನು ಮನ್ನಿಸಬಹುದು, ಅದನ್ನು ನಂಬಿ ಕೂರಬೇಡಿ. ಗೋವಾದ ನರ್ಸ್ ಒಬ್ಬರಿಗೆ 1993ರಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು. ವರ್ಷಗಟ್ಟಲೆ ನೋವಿತ್ತು. 2002ರಲ್ಲಿ ಮತ್ತೆ ಆಪರೇಷನ್ ಆದಾಗ ಒಳಗೆ ಗಾಜ್ ಬಟ್ಟೆ ಸಿಕ್ಕಿತು. 2004ರಲ್ಲಿ ದೂರು ಕೊಟ್ಟರು. ನೋವಿದ್ದರೂ ಇಷ್ಟು ವರ್ಷ ಆ ಡಾಕ್ಟರನ್ನು ಯಾಕೆ ಕೇಳಲಿಲ್ಲ, ಅದೂ ನರ್ಸ್ ಆಗಿದ್ದುಕೊಂಡು, ಎಂದು ಸುಪ್ರೀಂ ಕೋರ್ಟ್ ದೂರನ್ನೇ ತಳ್ಳಿಹಾಕಿತು. ನನಗೆ ಈ ತೀರ್ಪು ಸ್ವಲ್ಪ ಕಟುವೆನಿಸುತ್ತದೆ. ಆದರೆ ನೋವು ನಿಲ್ಲದಿದ್ದರೆ ತೋರಿಸಿ, ತೋರಿಸಿದ್ದಕ್ಕೆ ಚೀಟಿ ಇಟ್ಟುಕೊಳ್ಳಿ ಎನ್ನುವ ಪಾಠ ಅದರಲ್ಲಿದೆ. ಆಸ್ಪತ್ರೆಯವರು ‘ಮಾತಾಡಿ ಬಗೆಹರಿಸೋಣ’ ಎನ್ನುತ್ತಾ ದಿನ ತಳ್ಳಿದರೂ ಗಡುವು ನಿಲ್ಲುವುದಿಲ್ಲ.

ಹಾಗಂತ ಮಾತುಕತೆ ಬೇಡ ಎಂದಲ್ಲ. ಲೀಗಲ್ ನೋಟಿಸ್ ಹೋದ ಮೇಲೆ ಕೆಲವು ಆಸ್ಪತ್ರೆಗಳು ರಾಜಿಗೆ ಬರುತ್ತವೆ. ‘ಇನ್ನು ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುವ ಮೊದಲು ಮುಂದಿನ ಚಿಕಿತ್ಸೆಯ ಖರ್ಚು ಎಷ್ಟಾದೀತು ಎಂದು ಇನ್ನೊಬ್ಬ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಎಷ್ಟು ಕೇಳುವುದು, ಎಲ್ಲಿ ಹಾಕುವುದು

ಇಲ್ಲಿ ಹೆಚ್ಚಿನವರಿಗೆ ಗೊಂದಲ. ಜಿಲ್ಲಾ ಆಯೋಗವೋ ರಾಜ್ಯ ಆಯೋಗವೋ ಎನ್ನುವುದು ನೀವು ಕೇಳುವ ಪರಿಹಾರದ ಮೇಲೆ ತೀರ್ಮಾನವಾಗುವುದಿಲ್ಲ. ಚಿಕಿತ್ಸೆಗೆ ಕೊಟ್ಟ ದುಡ್ಡು ಎಷ್ಟು ಎಂದು ನೋಡುತ್ತಾರೆ. ಅದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದರಾಚೆ ದೆಹಲಿಯ ರಾಷ್ಟ್ರೀಯ ಆಯೋಗ. ಆಸ್ಪತ್ರೆಗೆ 3 ಲಕ್ಷ ಕಟ್ಟಿ 30 ಲಕ್ಷ ಪರಿಹಾರ ಕೇಳಿದರೂ ಜಿಲ್ಲಾ ಆಯೋಗವೇ. ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆಸ್ಪತ್ರೆ ಬೆಂಗಳೂರಿನಲ್ಲಿದ್ದು ನೀವು ರಾಯಚೂರಿನವರಾದರೆ ರಾಯಚೂರಿನಲ್ಲೇ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ದೊಡ್ಡ ಅನುಕೂಲ ಇದು.

ಮೊತ್ತವನ್ನು ಸುಮ್ನೆ ಬಾಯಿಗೆ ಬಂದಂತೆ ಹೇಳಬೇಡಿ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ 1990ರಲ್ಲಿ ಎದೆಯ ಗಡ್ಡೆಯ ಆಪರೇಷನ್ ಆದಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಸೊಂಟದ ಕೆಳಗಿನ ಬಲ ಹೋಯಿತು. ಅವರು ಗಾಲಿಕುರ್ಚಿಯಲ್ಲಿ ಕುಳಿತು ಸುಪ್ರೀಂ ಕೋರ್ಟಿನಲ್ಲಿ ತಮ್ಮ ವಾದವನ್ನು ತಾವೇ ಮಂಡಿಸಿದರು. ರಾಷ್ಟ್ರೀಯ ಆಯೋಗ ಕೊಟ್ಟಿದ್ದ ಹದಿನೈದೂವರೆ ಲಕ್ಷ 2009ರಲ್ಲಿ 1 ಕೋಟಿಯಾಯಿತು. ನರ್ಸ್ ಆರೈಕೆ, ಡ್ರೈವರ್, ಫಿಸಿಯೋಥೆರಪಿ, ಹೋದ ಸಂಪಾದನೆ ಎಂದು ಒಂದೊಂದಕ್ಕೂ ಲೆಕ್ಕ ಇತ್ತು. ನಿಮ್ಮ ಪಟ್ಟಿಯೂ ಹಾಗೇ ಇರಲಿ: ಬಿಲ್ಲುಗಳು, ಮೆಡಿಕಲ್ ಶಾಪಿನ ಚೀಟಿಗಳು, ಓಡಾಟದ ಬಾಡಿಗೆ, ಸಂಬಳ ಕಡಿತದ ಪತ್ರ, ನೋಡಿಕೊಳ್ಳಲು ಕೆಲಸ ಬಿಟ್ಟು ಕೂತವರ ನಷ್ಟ, ಮುಂದಿನ ಚಿಕಿತ್ಸೆಯ ಅಂದಾಜು, ಅಂಗವೈಕಲ್ಯದ ಸರ್ಟಿಫಿಕೇಟು, ಕೊನೆಗೆ ನೋವಿಗೊಂದು ಮೊತ್ತ.

ದೂರು ಹಾಕಿದ ಮೇಲೆ

ದೂರು, ತಾರೀಖಿನ ಪಟ್ಟಿ, ದಾಖಲೆಗಳ ಪ್ರತಿ, ಅಫಿಡವಿಟ್ ಇವಿಷ್ಟನ್ನು ಆಯೋಗದ ಕಚೇರಿಯಲ್ಲಿ ಕೊಡಬಹುದು. ಆನ್‌ಲೈನ್ ಆದರೆ ಇ-ಜಾಗೃತಿ ಪೋರ್ಟಲ್. ವಕೀಲರು ಕಡ್ಡಾಯ ಅಲ್ಲ. ಆದರೂ ವೈದ್ಯಕೀಯ ಕೇಸಿನಲ್ಲಿ ಆಸ್ಪತ್ರೆಯ ಕಡೆ ನುರಿತ ವಕೀಲರು ಇರುತ್ತಾರೆ, ಹಿಂದೆ ಇನ್ಶೂರೆನ್ಸ್ ಕಂಪನಿಯೂ ಇರಬಹುದು. ಇಂಥ ಕೇಸು ನಡೆಸಿದ ಒಬ್ಬ ವಕೀಲರನ್ನು ಹಿಡಿಯುವುದೇ ಒಳ್ಳೆಯದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಗ್ರಾಹಕರ ಸಹಾಯವಾಣಿ 1915.

ನೋಟಿಸ್ ತಲುಪಿದ ಮೇಲೆ ಆಸ್ಪತ್ರೆಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಜಾಸ್ತಿ ಇಲ್ಲ. ಕೇಸು ಮೂರರಿಂದ ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ನಡೆಯುವುದು ವರ್ಷಗಳ ಲೆಕ್ಕದಲ್ಲಿ, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಪ್ರತಿ ವಿಚಾರಣೆಯ ತಾರೀಖೂ ಬರೆದಿಟ್ಟುಕೊಳ್ಳಿ. ದೂರುದಾರರೇ ಬಾರದೆ ವಜಾ ಆಗುವ ಕೇಸುಗಳೂ ಇವೆ.

ಜಿಲ್ಲಾ ಆಯೋಗದ ಆದೇಶ ನಿಮ್ಮ ಪರ ಬಂದರೆ ಆಸ್ಪತ್ರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಆದರೆ ಪರಿಹಾರದ ಅರ್ಧ ಮೊತ್ತವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ದುಡ್ಡೂ ಇಲ್ಲ ಎಂದಾದರೆ ಆದೇಶ ಕೊಟ್ಟ ಆಯೋಗದಲ್ಲೇ ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ ಕನಿಷ್ಠ 25 ಸಾವಿರ ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಈ ಅರ್ಜಿಯ ನೋಟಿಸ್ ಹೋದ ಮೇಲೆ ಚೆಕ್ ಬರುವುದೂ ಉಂಟು.