ತೋರಿಸುವ ಮೊದಲು ಗುರುತು ಹಾಕಿ

ಬರೆದದ್ದು ಹೇಗಿದೆ ಎಂದು ಬೇರೆಯವರನ್ನು ಕೇಳುವ ಮೊದಲು ನನ್ನ ತೀರ್ಪನ್ನು ಕಾಗದದ ಮೇಲೆ ಬರೆದಿಡುತ್ತೇನೆ. ನನ್ನ ಬರವಣಿಗೆಯ ಮೇಲೆ ನನಗೇ ನಂಬಿಕೆ ಕುದುರಿದ್ದು ಈ ರೂಢಿಯಿಂದ. ಧೈರ್ಯದ ಮಾತುಗಳು ಒಂದು ವಾರಕ್ಕಿಂತ ಹೆಚ್ಚು ಬಾಳಿಕೆ ಬರುವುದಿಲ್ಲ.

ಕರಡನ್ನು ಎಡಗಡೆ ಎರಡು ಇಂಚು ಅಂಚು ಬಿಟ್ಟು, ಸಾಲು ಬಿಟ್ಟು ಸಾಲು ಬರೆಯುತ್ತೇನೆ. ಪ್ರಬಂಧವಾದರೆ ಮೂರು-ನಾಲ್ಕು ದಿನ, ಕಥೆಯಾದರೆ ಎರಡು ವಾರ ಮುಟ್ಟುವುದಿಲ್ಲ. ಆಮೇಲೆ ಬೆಳಗಿನ ಹೊತ್ತು ಗಟ್ಟಿಯಾಗಿ ಓದುತ್ತಾ ಪೆನ್ಸಿಲಿನಲ್ಲಿ ಮೂರೇ ಬಗೆಯ ಗುರುತು: ಯಾರು ಏನೆಂದರೂ ಬದಲಿಸಲಾರೆ ಎನಿಸಿದಲ್ಲಿ ಸರಿ, ಅನುಮಾನವಿದ್ದಲ್ಲಿ ಪ್ರಶ್ನೆ, ನಾಲಿಗೆ ತೊಡರಿದಲ್ಲಿ ಅಡ್ಡಗೆರೆ. ರಾತ್ರಿ ಈ ಕೆಲಸಕ್ಕೆ ಕೂರಬಾರದು. ದಣಿದ ಕಣ್ಣಿಗೆ ಎಲ್ಲವೂ ಕಸ, ಇಲ್ಲವೇ ಎಲ್ಲವೂ ಚಿನ್ನ. ಕೊನೆಗೆ ಬೇರೊಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ, ಓದುವವರು ಎಲ್ಲಿ ತಡೆದು ನಿಲ್ಲಬಹುದು, ಎಲ್ಲಿ ಹಾರಿಸಬಹುದು ಎಂಬ ನನ್ನ ಊಹೆಯನ್ನು ಎರಡು ಸಾಲಿನಲ್ಲಿ ಬರೆಯುತ್ತೇನೆ. ಪ್ರತಿ ಇನ್ನೊಬ್ಬರ ಕೈಸೇರುವುದು ಆಮೇಲೆ.

ಇಬ್ಬರು ಸಾಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಕಾಫಿ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಎಲ್ಲಿ ಎರಡು ಸಲ ಓದಬೇಕಾಯಿತು, ಎಲ್ಲಿ ಬೇಸರ ಬಂತು, ಪುಟ ಮಡಚಿದ ಮೇಲೆ ಏನು ನೆನಪಿದೆ ಎಂದು ಕೇಳಬೇಕು. ಹೇಗೆ ತಿದ್ದಬೇಕೆಂಬ ಸಲಹೆಯನ್ನು ಕೇಳಿಸಿಕೊಂಡರೂ ಬರೆದುಕೊಳ್ಳುವುದಿಲ್ಲ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕರಡು ಹಾಕುವುದಂತೂ ಬೇಡವೇ ಬೇಡ. ಅಲ್ಲಿ ಬರುವ ಹೆಬ್ಬೆರಳು ಬರಹಕ್ಕಲ್ಲ, ಸಂಬಂಧಕ್ಕೆ.

ಅವರು ಹೇಳಿದ್ದನ್ನು ನನ್ನ ಊಹೆಯ ಪಕ್ಕದಲ್ಲೇ ಬರೆಯುತ್ತೇನೆ. ಕಾಫಿ ತೋಟಗಳಲ್ಲಿ ಮಳೆಯ ಪುಸ್ತಕ ಇಡುವ ಕ್ರಮವೂ ಇದೇ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬರೆಯುತ್ತಾರೆ. ‘ಒಳ್ಳೆಯ ಮಳೆ’ ಎಂದು ಯಾರೂ ಬರೆಯುವುದಿಲ್ಲ. ಐದಾರು ಬರಹಗಳಾಗುವಷ್ಟರಲ್ಲಿ ಒಂದು ಜಾಡು ಕಾಣಿಸುತ್ತದೆ. ಆರಂಭ ಎಳೆದಾಡಿದೆ ಎಂದು ನನಗೆ ಅನಿಸಿದರೆ ಅದು ನಿಜವೇ ಆಗಿರುತ್ತದೆ. ಉದ್ದ ಸಂಭಾಷಣೆಯ ವಿಚಾರದಲ್ಲಿ ಮಾತ್ರ ನನ್ನ ಅಂದಾಜು ಇವತ್ತಿಗೂ ನಂಬುವಂಥದ್ದಲ್ಲ; ಅಲ್ಲಿ ಓದುಗರ ಮಾತೇ ಮೇಲು. ನಂಬಿಕೆ ಒಟ್ಟಾಗಿ ಬರುವಂಥದ್ದಲ್ಲ, ಬಿಡಿಬಿಡಿಯಾಗಿ ಬರುತ್ತದೆ.

ಪ್ರಶ್ನೆ ಗುರುತುಗಳನ್ನೂ ಬೇರ್ಪಡಿಸಬೇಕು. ಕೊಡಗಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡಿ, ಕನ್ನಡದಲ್ಲಿ ಬರೆಯುವವರು ಬಹಳ. ‘ನನ್ನ ಕನ್ನಡ ಸರಿಯಿದೆಯೇ’ ಎಂಬ ಅಳುಕು ಅವರಲ್ಲಿ ಉಳಿದೆಲ್ಲ ಅನುಮಾನಗಳನ್ನೂ ನುಂಗಿಬಿಡುತ್ತದೆ. ಮಹಾಪ್ರಾಣ, ಒತ್ತಕ್ಷರ, ಶ-ಷಗಳ ಅನುಮಾನಕ್ಕೆ ನಿಘಂಟು ಇದೆ; ಹತ್ತು ನಿಮಿಷದ ಕೆಲಸ, ಕೊನೆಯಲ್ಲಿ ಒಟ್ಟಿಗೆ ನೋಡಿದರಾಯಿತು. ಮಾಹಿತಿಯ ಅನುಮಾನಕ್ಕೆ ತಿಳಿದವರನ್ನು ಕೇಳಬೇಕು. ‘ತೋಟದ ಬದುಕಿನಲ್ಲಿ ಬರೆಯುವಂಥದ್ದು ಏನಿದೆ’ ಎಂಬುದು ಮೂರನೆಯದು, ಇದಕ್ಕೆ ನಿಘಂಟಿಲ್ಲ. ಕೊಡಗಿನ ಗೌರಮ್ಮ 1930ರ ದಶಕದಲ್ಲಿ ಕಥೆಗಳನ್ನು ಬರೆದದ್ದು ಸುಂಟಿಕೊಪ್ಪ ಬಳಿಯ ಗುಂಡುಕುಟ್ಟಿಯ ತೋಟದಲ್ಲಿದ್ದುಕೊಂಡೇ.

ಸ್ವಂತ ಕಣ್ಣಿನ ಮೇಲೆ ನಂಬಿಕೆಯಿಲ್ಲದಾಗ ಕೈ ಸಾಲ ತರುತ್ತದೆ. ಮಂಜಿನ ನಗರಿ, ದಕ್ಷಿಣದ ಕಾಶ್ಮೀರ, ಭೂಲೋಕದ ಸ್ವರ್ಗ. ಕರಡಿನಲ್ಲಿ ಇಂಥವು ಸಿಕ್ಕಿದರೆ ಅಳಿಸಿ ಸುಮ್ಮನಾಗುವುದಿಲ್ಲ, ಅಲ್ಲಿ ನಾನು ಏನನ್ನು ನೋಡದೆ ಬಿಟ್ಟೆ ಎಂದು ಹುಡುಕುತ್ತೇನೆ. ‘ಕಾಫಿ ಹೂವಿನ ಘಮ ಮನಸ್ಸಿಗೆ ಮುದ ನೀಡಿತು’ ಎಂಬ ಸಾಲನ್ನು ಯಾವ ಹೋಂಸ್ಟೇ ಬೋರ್ಡಿನ ಮೇಲಾದರೂ ಬರೆಯಬಹುದು. ‘ಮಾರ್ಚ್ ಮೊದಲ ವಾರ ಒಂದು ಇಂಚು ಇಪ್ಪತ್ತು ಸೆಂಟ್ ಹೂಮಳೆ. ಒಂಬತ್ತನೇ ದಿನ ರೋಬಸ್ಟಾ ಅರಳಿತು. ಹೂ ಕಂದಿದ ಮೇಲೆ ಎಲ್ಲರ ಕಣ್ಣೂ ಬ್ಯಾಕಿಂಗ್ ಮಳೆಯ ಮೇಲೆ’ ಎಂದು ಬರೆಯುವವರಿಗೆ ತೋಟ ಗೊತ್ತಿದೆ. (ಹೂಮಳೆ ಮೊಗ್ಗು ಅರಳಿಸುವ ಮಳೆ; ಬ್ಯಾಕಿಂಗ್ ಮಳೆ ಆಮೇಲೆ ಕಾಯಿ ಕಟ್ಟಲು ಬೇಕಾದದ್ದು.) ಎರಡನೆಯದರಲ್ಲಿ ಘಮದ ಮಾತೇ ಇಲ್ಲ, ಓದುವವರಿಗೆ ಅದು ಬಂದೇ ಬರುತ್ತದೆ. ಇಂಥ ಸಾಲಿಗೆ ಸರಿ ಗುರುತು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಅಳುಕು ನಮ್ಮಂಥ ಚಿಕ್ಕ ಜಿಲ್ಲೆಯದು: ಯಾರಾದರೂ ತಮ್ಮನ್ನೇ ಗುರುತಿಸಿಕೊಂಡರೆ? ಕೊಡವರ ಮನೆಹೆಸರು ಬರೆದರೆ ಒಕ್ಕ, ಅಂದರೆ ಮನೆತನ, ಯಾವುದೆಂದು ತಿಳಿಯಲು ಅರೆಕ್ಷಣ ಸಾಕು. ಮನೆಹೆಸರು ಬಿಟ್ಟು ಬರೀ ಹೆಸರು ಇಡಿ, ಊರನ್ನು ಒಂದು ಹೊಳೆ ಆಚೆ ಸರಿಸಿ. ಅಳುಕಿನಿಂದ ಘಟನೆಯನ್ನೇ ಮೆತ್ತಗೆ ಮಾಡಿದರೆ ಕಥೆ ಸೊರಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಕಾಗದ ತಂಪು ಹಿಡಿದು ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಬಾಲ್ ಪೆನ್, ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ಕರೆಂಟ್ ನಂಬಿ ಟೈಪ್ ಮಾಡುವವರು ಪುಟ ಮುಗಿದಾಗಲೆಲ್ಲ ಸೇವ್ ಮಾಡಲಿ. ಕಾಫಿ ಕೊಯ್ಲಿನ ಸಮಯದಲ್ಲಿ ಉದ್ದ ಬರಹ ಶುರು ಮಾಡದಿರುವುದೇ ಲೇಸು.

ನನ್ನ ಸರಿ ಗುರುತು ಇದ್ದಲ್ಲೇ ಇಬ್ಬರೂ ಎಡವಿದರೆ ತಿದ್ದುತ್ತೇನೆ. ಒಬ್ಬರೇ ಎಡವಿದರೆ ಇದ್ದಂತೆ ಬಿಡುತ್ತೇನೆ. ಪತ್ರಿಕೆಯಲ್ಲಿ ಅಚ್ಚಾದರೆ ಸಂಪಾದಕರು ಕತ್ತರಿಸಿದ ಸಾಲುಗಳನ್ನು ಕರಡಿನೊಂದಿಗೆ ಹೋಲಿಸಿ, ಅವುಗಳಲ್ಲಿ ಎಷ್ಟಕ್ಕೆ ನನ್ನ ಪ್ರಶ್ನೆ ಗುರುತು ಮೊದಲೇ ಬಿದ್ದಿತ್ತು ಎಂಬುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ.