ಮುಧೋಳ ನಾಯಿ ಸಾಕುವವರಿಗೆ: ಬೆನ್ನಟ್ಟುವ ಚಟ, ಕಾಯುವ ಗುಣ ಎರಡನ್ನೂ ಹಿಡಿತದಲ್ಲಿಡುವುದು ಹೇಗೆ

ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ನೆಲಕ್ಕೆ ಮೂಗು ಹಚ್ಚಿ ಜಾಡು ಹಿಡಿಯುವುದಕ್ಕಿಂತ ತಲೆ ಎತ್ತಿ ದೂರ ನೋಡುವುದೇ ಇದರ ರೂಢಿ. ಹೊಲದಾಚೆ ಏನೋ ಅಲುಗಿತು ಅಂದರೆ ಸಾಕು, ಮರುಗಳಿಗೆಗೆ ಓಟ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದಾರೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದಕ್ಕೆ ಆಶ್ರಯ ಕೊಟ್ಟವರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆ ತರಬೇತಿಗೆಂದು ಮೀರತ್‌ಗೆ ಒಯ್ದಿತು. ಆಮೇಲೆ ಬೇಡಿಕೆ ಏರಿ, ಈಗ ಬೆಂಗಳೂರಿನ ಮೂರನೇ ಮಹಡಿಯ ಮನೆಗೂ ಮರಿ ಬರುತ್ತಿದೆ. ಮರಿ ತಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: ಈ ಓಡುವ ಚಟ ಬಿಡಿಸುವುದು ಹೇಗೆ?

ಬಿಡಿಸಲು ಆಗುವುದಿಲ್ಲ. ಅದು ರಕ್ತದಲ್ಲಿರುವ ಗುಣ. ನಿಮ್ಮ ಕೈಲಿರುವುದು ನಾಯಿಯ ಕಣ್ಣು ಗುರಿಯ ಮೇಲೆ ನೆಡುವ ಮೊದಲೇ ಹಿಡಿತ ಸಾಧಿಸುವುದು. ನೆಟ್ಟ ಮೇಲೆ ಕಿವಿ ಕೆಲಸ ಮಾಡುವುದಿಲ್ಲ. ಗಂಟೆಗೆ 45 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 12 ಮೀಟರ್‌ಗಿಂತ ಹೆಚ್ಚು. ನೀವು ಎರಡು ಸಲ ಹೆಸರು ಕೂಗುವಷ್ಟರಲ್ಲಿ ಅದು ರಸ್ತೆಯ ಆಚೆ ಬದಿ ಸೇರಿರುತ್ತದೆ.

ಮರಿ ತರುವಾಗ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, 2017ರ ನಾಯಿ ಸಂತಾನೋತ್ಪತ್ತಿ ನಿಯಮಗಳೇ ಹಾಗೆ ಹೇಳುತ್ತವೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಮುಧೋಳ ಸುತ್ತಿನ ಹಳ್ಳಿಗಳ ಸಾಕಣೆದಾರರ ಬಳಿಯೂ ಮರಿ ಸಿಗುತ್ತವೆ. ಎಲ್ಲಿಂದ ತಂದರೂ ತಾಯಿಯನ್ನು ನೋಡದೆ ತರಬೇಡಿ. ಅಪರಿಚಿತರು ಬಂದಾಗ ತಾಯಿ ದೂರ ನಿಂತು ನೋಡಿದರೆ ಸರಿ, ಅದು ತಳಿಯ ಸ್ವಭಾವ. ಬಾಲ ಒಳಗೆ ಸಿಕ್ಕಿಸಿ ನಡುಗುತ್ತಾ ಹಲ್ಲು ತೋರಿಸಿದರೆ ಆ ಮರಿ ಬೇಡ. ಹೆದರಿದ ನಾಯಿಯೇ ಮುಂದೆ ಕಚ್ಚುವ ನಾಯಿಯಾಗುವುದು ಹೆಚ್ಚು.

ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದನ್ನೆಲ್ಲ ಸಹಜ ಅಂತ ಒಪ್ಪಿಕೊಳ್ಳುತ್ತದೆ. ಲಸಿಕೆ ಪೂರ್ತಿಯಾಗುವ ಮೊದಲು ಬೀದಿಗೆ ಇಳಿಸಬಾರದು ನಿಜ, ಆದರೆ ಎತ್ತಿಕೊಂಡು ಹೋಗಬಹುದು. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಊರುಗೋಲಿನ ಅಜ್ಜ, ಸೈಕಲ್, ಕುರಿಮಂದೆ, ಡೊಳ್ಳಿನ ಸದ್ದು ಎಲ್ಲವನ್ನೂ ದೂರದಿಂದ ತೋರಿಸಿ. ಯಾರೂ ಮುಟ್ಟಬೇಕಿಲ್ಲ. ನೋಡಿ, ಏನೂ ಆಗಲಿಲ್ಲ ಅಂತ ಮರಿಗೆ ಗೊತ್ತಾದರೆ ಆಯಿತು.

ಕೊರಳಪಟ್ಟಿ: ಹೆಚ್ಚಿನ ನಾಯಿಗಳು ತಪ್ಪಿಸಿಕೊಳ್ಳುವುದು ಇಲ್ಲಿಯೇ

ಮುಧೋಳ ನಾಯಿಯ ತಲೆ ಕಿರಿದು, ಕೊರಳು ಅದಕ್ಕೆ ಸಮ ಅಥವಾ ಅದಕ್ಕಿಂತ ದಪ್ಪ. ಅಂಗಡಿಯಲ್ಲಿ ಕೊಡುವ ಬಕಲ್ ಬೆಲ್ಟ್ ಎಷ್ಟು ಬಿಗಿದರೂ ಕಳಚುತ್ತದೆ. ಏನಾದರೂ ಕಂಡು ಹೆದರಿದಾಗ ನಾಯಿ ಮುಂದಕ್ಕೆ ಎಳೆಯುವುದಿಲ್ಲ. ನಿಮ್ಮ ಕಡೆ ಮುಖ ಮಾಡಿ, ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಹಿಂದೆ ಹಿಂದೆ ಸರಿಯುತ್ತದೆ. ಬೆಲ್ಟ್ ಕಿವಿ ದಾಟಿ ಮೂಗಿನ ಮೇಲೆ ಜಾರುತ್ತದೆ, ನಿಮ್ಮ ಕೈಲಿ ಬರೀ ಹಗ್ಗ.

ಇದಕ್ಕೆ ಮಾರ್ಟಿಂಗೇಲ್ ಪಟ್ಟಿ ಬೇಕು. ಎರಡು ಕುಣಿಕೆಯ ಪಟ್ಟಿ ಅದು: ದೊಡ್ಡದು ಕೊರಳಿಗೆ, ಚಿಕ್ಕದಕ್ಕೆ ಹಗ್ಗ, ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುತ್ತದೆ. ಅಗಲ 4ರಿಂದ 5 ಸೆಂ.ಮೀ. ಇರಲಿ, ಕಿರಿದಾದರೆ ಶ್ವಾಸನಾಳ ಒತ್ತುತ್ತದೆ. ಅಳತೆ ಎರಡು ತೆಗೆಯಬೇಕು: ಕಿವಿಯ ಹಿಂದೆ ಕೊರಳ ಸುತ್ತಳತೆ, ಮತ್ತು ಕಿವಿಯ ಮುಂದೆ ತಲೆಯ ಅತಿ ಅಗಲದ ಜಾಗದ ಸುತ್ತಳತೆ. ಪೂರ್ತಿ ಎಳೆದಾಗ ಪಟ್ಟಿಯ ಸುತ್ತಳತೆ ತಲೆಯದಕ್ಕಿಂತ ಕಡಿಮೆ ಇರಬೇಕು, ಚಿಕ್ಕ ಕುಣಿಕೆಯ ಎರಡು ಬಳೆಗಳ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಪಟ್ಟಿ ಸಡಿಲವಾಗಿದೆ ಅಂತ ಅರ್ಥ. ಮನೆಯಲ್ಲಿ ಬಿಟ್ಟಾಗ ಇದನ್ನು ತೆಗೆದುಬಿಡಿ, ಬಾಗಿಲ ಚಿಲಕಕ್ಕೆ ಸಿಕ್ಕರೆ ಉರುಳಾಗುತ್ತದೆ. ಫೋನ್ ನಂಬರಿನ ಬಿಲ್ಲೆಗೆ ತೆಳುವಾದ ಬೇರೆ ಬೆಲ್ಟ್ ಹಾಕಿ.

ಹಗ್ಗ ಎರಡು ಮೀಟರ್ ಸಾಕು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಸುರುಳಿ ಹಗ್ಗ ಈ ತಳಿಗೆ ಸಲ್ಲ: ಐದು ಮೀಟರ್ ಓಡಿ ವೇಗ ಪಡೆದ ನಾಯಿ ತುದಿಗೆ ಬಂದು ನಿಂತಾಗ ಆ ಏಟು ಕೊರಳ ಮೂಳೆಗೆ ಬೀಳುತ್ತದೆ, ಇಲ್ಲವೇ ಹಿಡಿಕೆ ನಿಮ್ಮ ಕೈ ಬಿಟ್ಟು ಹೋಗುತ್ತದೆ. ಉದ್ದ ಹಗ್ಗ ಬೇಕಾದಾಗ ಎದೆಗೆ ಹಾರ್ನೆಸ್ ಹಾಕಿ ಅದಕ್ಕೇ ಕಟ್ಟಿ.

ಬೇಲಿ, ಗೇಟು

ಆರು ಅಡಿ ಎತ್ತರ ಬೇಕು. ಮುಳ್ಳುತಂತಿ ಬೇಡ, ಚರ್ಮ ತೆಳು, ಒಮ್ಮೆ ಉಜ್ಜಿದರೆ ಹೊಲಿಗೆ ಹಾಕಿಸಬೇಕಾದಷ್ಟು ಸೀಳುತ್ತದೆ. ಜಾಲರಿ ತಂತಿ ಹಾಕಿ, ಬುಡವನ್ನು ಒಂದು ಅಡಿ ಮಣ್ಣಲ್ಲಿ ಹೂತು ಮೇಲೆ ಚಪ್ಪಡಿ ಕಲ್ಲು ಇಡಿ. ಕೆಳಗಿನ ನಾಲ್ಕು ಅಡಿಗೆ ಹಸಿರು ನೆರಳು ಪರದೆ ಕಟ್ಟಿ. ರಸ್ತೆಯಲ್ಲಿ ಹೋಗುವ ಮೇಕೆ ಕಾಣದಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಬೇಲಿಗೆ ಒತ್ತಿ ಕಟ್ಟಿಗೆ ರಾಶಿ, ಕಲ್ಲುಬಾನಿ ಇಡಬೇಡಿ, ಅದೇ ಮೆಟ್ಟಿಲಾಗುತ್ತದೆ. ಸಾಧ್ಯವಿದ್ದರೆ ಎರಡು ಗೇಟು, ನಡುವೆ ನಾಲ್ಕು ಅಡಿ ಜಾಗ. ಹಾಲಿನವರು, ಮೀಟರ್ ಓದುವವರು ಬಂದಾಗ ಒಂದು ಗೇಟು ತೆರೆದರೂ ಇನ್ನೊಂದು ಮುಚ್ಚಿರುತ್ತದೆ.

ಕಣ್ಣು ನೆಡುವ ಕ್ಷಣವನ್ನು ಗುರುತಿಸುವುದು

ನಡೆಯುತ್ತಿದ್ದ ನಾಯಿ ನಿಲ್ಲುತ್ತದೆ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಕಿವಿ ಬುಡದಿಂದ ಮೇಲೇಳುತ್ತದೆ, ಕೊರಳು ಉದ್ದವಾಗುತ್ತದೆ, ಮೈಭಾರ ಹಿಂಗಾಲಿಗೆ ಹೋಗುತ್ತದೆ. ಬಾಯಿ ಮುಚ್ಚಿದಾಗಿನಿಂದ ಜಿಗಿಯುವವರೆಗೆ ಒಂದೆರಡು ಸೆಕೆಂಡು. ನಿಮ್ಮ ಕೆಲಸವೆಲ್ಲ ಆ ಎರಡು ಸೆಕೆಂಡಿನೊಳಗೆ. ಹಗ್ಗ ಜಗ್ಗಿ ನಿಲ್ಲಬೇಡಿ, ಬಿಗಿ ಹಗ್ಗ ಅದನ್ನು ಇನ್ನಷ್ಟು ಕೆರಳಿಸುತ್ತದೆ. ನೀವೇ ಅರ್ಧ ಸುತ್ತು ತಿರುಗಿ ಚುರುಕಾಗಿ ಬೇರೆ ದಿಕ್ಕಿಗೆ ನಡೆಯಿರಿ. ನಾಯಿ ತಿರುಗಿದ ತಕ್ಷಣ ಬೇಯಿಸಿದ ಕೋಳಿಮಾಂಸದ ಚೂರು ಬಾಯಿಗೆ ಕೊಡಿ. ದಿನಕ್ಕೆ ಹತ್ತು ಸಲ, ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಮೇಕೆಗಳಿಂದ ನೂರು ಮೀಟರ್ ದೂರದಲ್ಲಿ. ಮೂರು ಸಲ ಸತತ ತಿರುಗಿದರೆ ಹತ್ತು ಮೀಟರ್ ಹತ್ತಿರ ಹೋಗಿ. ತಿರುಗದಿದ್ದರೆ ನೀವು ಅವಸರ ಮಾಡಿದ್ದೀರಿ, ಹಿಂದೆ ಸರಿಯಿರಿ.

ಕರೆದಾಗ ಬರುವುದಕ್ಕೆ ಹೆಸರು ಬಳಸಬೇಡಿ, ದಿನವಿಡೀ ಕೇಳಿ ಅದಕ್ಕೆ ಸವಕಲಾಗಿರುತ್ತದೆ. ಒಂದು ಸೀಟಿ ಇಟ್ಟುಕೊಳ್ಳಿ. ಸೀಟಿ ಊದಿದರೆ ಬೇಯಿಸಿದ ಕೋಳಿ ಈಲಿ, ಬೇರೆ ಯಾವಾಗಲೂ ಈಲಿ ಇಲ್ಲ. ಸೀಟಿ ಊದಿ ಕರೆದು ಕಟ್ಟಿಹಾಕುವುದು, ಸ್ನಾನ ಮಾಡಿಸುವುದು, ಬೈಯುವುದು ಮಾಡಿದರೆ ಎರಡೇ ದಿನದಲ್ಲಿ ಅದರ ಬೆಲೆ ಹೋಗುತ್ತದೆ. ಬಯಲಲ್ಲಿ ಅಭ್ಯಾಸ ಹತ್ತು ಮೀಟರ್ ಹಗ್ಗ ಮತ್ತು ಹಾರ್ನೆಸ್ ಜೊತೆಗೇ ನಡೆಯಲಿ. ಇಷ್ಟೆಲ್ಲ ಕಲಿಸಿದ ಮೇಲೂ ಬೇಲಿಯಿಲ್ಲದ ಜಾಗದಲ್ಲಿ ಬಿಚ್ಚಿ ಬಿಡುವುದು ಬೇಡ.

ಕೈತಪ್ಪಿ ಓಡಿತು ಅಂತಿಟ್ಟುಕೊಳ್ಳಿ. ಬೆನ್ನಟ್ಟಬೇಡಿ, ನಿಮ್ಮನ್ನು ಆಟದ ಜೊತೆಗಾರ ಅಂದುಕೊಳ್ಳುತ್ತದೆ. ಸೀಟಿ ಊದಿ, ವಿರುದ್ಧ ದಿಕ್ಕಿಗೆ ಓಡಿ, ಕುಕ್ಕರಗಾಲಲ್ಲಿ ಕೂತುಬಿಡಿ. ಎಷ್ಟು ಹೊತ್ತಾದರೂ, ಬಂದಾಗ ಈಲಿ ಕೊಡಿ.

ಮೊಲ ಬೆನ್ನಟ್ಟಿಸುವುದನ್ನು ಈಗಲೂ ಕೆಲವರು ಗಂಡಸ್ತನದ ಆಟ ಅಂದುಕೊಂಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಬೆನ್ನಟ್ಟುವುದೂ ಅದರೊಳಗೆ ಬರುತ್ತದೆ. ಮೊಲ ಸಿಗಲಿಲ್ಲ ಅನ್ನುವುದು ಸಮಜಾಯಿಷಿ ಆಗುವುದಿಲ್ಲ.

ಆ ಓಟದ ಹಸಿವಿಗೆ ಬೇರೆ ದಾರಿ ಕೊಡಬೇಕು. ನಾಲ್ಕು ಅಡಿ ಪಿವಿಸಿ ಪೈಪು, ಅದರ ತುದಿಗೆ ಆರು ಅಡಿ ನೂಲಿನ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆಯ ಗಂಟು. ಬೇಲಿಯೊಳಗೆ ಗಂಟನ್ನು ನೆಲಮಟ್ಟದಲ್ಲೇ ಸುತ್ತಿಸಿ. ಮೇಲಕ್ಕೆ ಎತ್ತಿ ಜಿಗಿಸಿದರೆ ಕೀಲು ಉಳುಕುತ್ತದೆ. ಐದರಿಂದ ಏಳು ನಿಮಿಷ ಸಾಕು. ನಡುವೆ ಮೂರು ಸಲ ನಿಲ್ಲಿಸಿ “ಬಿಡು” ಅನ್ನಿ, ಬಿಟ್ಟರೆ ಮತ್ತೆ ಆಟ. ಬೆನ್ನಟ್ಟುವ ಅಮಲಿನಲ್ಲೂ ನಿಮ್ಮ ಮಾತು ಕೇಳುವುದನ್ನು ನಾಯಿ ಕಲಿಯುವುದು ಈ ಆಟದಲ್ಲಿಯೇ. ಇದರ ಜೊತೆ ದಿನಕ್ಕೆ ಎರಡು ಹೊತ್ತು 40 ನಿಮಿಷದ ನಡಿಗೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಬೈಕಿಗೆ ಕಟ್ಟಿ ಓಡಿಸುವುದು ಯಾವ ವಯಸ್ಸಿಗೂ ಬೇಡ, ವರ್ಷ ತುಂಬದ ಮರಿಗಂತೂ ಕಾಲಿನ ಮೂಳೆಯೇ ಹಾಳು.

ಮನೆಯ ಕೋಳಿ, ಬೆಕ್ಕು, ಮೇಕೆ

ನಾಲ್ಕು ತಿಂಗಳ ಮರಿ ಕೋಳಿಯ ಜೊತೆ ಆಡುತ್ತದೆ ಅಂತ ಮೈಮರೆಯಬೇಡಿ. ಬೇಟೆಯ ಗುಣ ಗಟ್ಟಿಯಾಗುವುದು ಆರರಿಂದ ಹತ್ತನೇ ತಿಂಗಳಲ್ಲಿ. ಜೊತೆಗೆ ಬೆಳೆದ ಬೆಕ್ಕನ್ನು ಮನೆಯೊಳಗೆ ಮೂಸಿ ಸುಮ್ಮನಾಗುವ ನಾಯಿಯೇ ಅದೇ ಬೆಕ್ಕು ಹಿತ್ತಲಲ್ಲಿ ಓಡಿದರೆ ಹಿಡಿಯಬಹುದು. ಓಟವೇ ಅದಕ್ಕೆ ಸೂಚನೆ. ಯಾರೂ ಇಲ್ಲದಾಗ ಇಬ್ಬರಿಗೂ ಬೇರೆ ಬೇರೆ ಕೋಣೆ. ಕೋಳಿಗೂಡಿಗೆ ಪ್ರತ್ಯೇಕ ಜಾಲರಿ.

ಮೇಕೆಯನ್ನು ಹಿಡಿದೇಬಿಟ್ಟರೆ ಹೊಡೆಯಬೇಡಿ, ಎಳೆಯಬೇಡಿ. ಎಳೆದಷ್ಟೂ ಮೇಕೆಯ ಚರ್ಮ ಹರಿಯುತ್ತದೆ. ನಾಯಿಯನ್ನು ನಿಮ್ಮ ಎರಡು ಕಾಲಿನ ನಡುವೆ ಸಿಕ್ಕಿಸಿ, ಪಟ್ಟಿಯನ್ನು ಕಿವಿಯ ಹಿಂದೆ ಹಿಡಿದು ಅಲುಗದೆ ಮೇಲಕ್ಕೆತ್ತಿ. ಹಲ್ಲು ಸಡಿಲವಾದ ಕೂಡಲೇ ಹಿಂದಕ್ಕೆ. ಹಾಗಾದ ನಾಯಿಯನ್ನು ಊರೊಳಗೆ ಒಯ್ಯುವಾಗ ಬುಟ್ಟಿಯಂಥ ಮಝಲ್ ಹಾಕಿ. ಅದರೊಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗಬೇಕು. ಬಟ್ಟೆಯ ಮಝಲ್ ಹಾಕಿ ಬಿಸಿಲಿಗೆ ಒಯ್ದರೆ ಉಸಿರು ಕಟ್ಟುತ್ತದೆ.

ಕಾಯುವ ಗುಣ

ಇದನ್ನು ಹರಿತ ಮಾಡುವ ಅಗತ್ಯವೇ ಇಲ್ಲ. ಮೆಣಸಿನಪುಡಿ ತಿನ್ನಿಸಿದರೆ ಕಡಕ್ ಆಗುತ್ತದೆ, ಹಗಲೆಲ್ಲ ಕಟ್ಟಿದರೆ ರಾತ್ರಿ ಚೆನ್ನಾಗಿ ಕಾಯುತ್ತದೆ ಅನ್ನುವ ಮಾತುಗಳಿವೆ. ಮೊದಲನೆಯದರಿಂದ ಹೊಟ್ಟೆ ಹುಣ್ಣಾಗುತ್ತದೆ. ಎರಡನೆಯದರಿಂದ ನಾಯಿ ಸಿಡುಕಿಗೆ ಬಿದ್ದು ಮನೆಯ ಮಗುವನ್ನೂ ಕಳ್ಳನನ್ನೂ ಒಂದೇ ಕಣ್ಣಲ್ಲಿ ನೋಡುತ್ತದೆ. ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ನೆಂಟರು ಬಂದಾಗ ನಾಯಿ ಒಳಕೋಣೆಯಲ್ಲಿರಲಿ. ಬಂದವರು ಕೂತು ನೀರು ಕುಡಿಯಲಿ. ಹತ್ತು ನಿಮಿಷ ಬಿಟ್ಟು ಹಗ್ಗ ಹಾಕಿ ಕರೆತನ್ನಿ. ಬಂದವರು ಅದರ ಕಣ್ಣು ನೋಡಬಾರದು, ಕೈ ಚಾಚಬಾರದು. ತಿನಿಸನ್ನು ನೆಲಕ್ಕೆ ಹಾಕಲಿ. ಮೂಸಿ ಹಿಂದೆ ಸರಿದರೆ ಸರಿಯಲು ಬಿಡಿ. “ಏನೂ ಮಾಡಲ್ಲ, ಮುಟ್ಟಿ” ಅನ್ನುವ ಮಾತು ಯಜಮಾನರ ಬಾಯಿಂದ ಬರಲೇಬಾರದು. ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ, ಕಲ್ಲಾದಂತೆ ನಿಲ್ಲುವುದು ಗುರ್ ಅನ್ನುವುದಕ್ಕೂ ಮೊದಲಿನ ಎಚ್ಚರಿಕೆಗಳು. ಗುರುಗುಟ್ಟಿದ್ದಕ್ಕೆ ಹೊಡೆದರೆ ಮುಂದಿನ ಸಲ ಗುರುಗುಟ್ಟದೆ ಕಚ್ಚುತ್ತದೆ. ಮದುವೆ, ಹಬ್ಬದ ಗದ್ದಲವಿದ್ದ ದಿನ ಪರಿಚಯ ಮಾಡಿಸುವ ಗೋಜೇ ಬೇಡ, ಬಾಗಿಲಿಗೆ ಬೀಗ ಹಾಕಿ. ಮನೆಗೆ ಬಂದ ಮಕ್ಕಳು ಓಡಾಡುವ ಹೊತ್ತಿನಲ್ಲೂ ಅಷ್ಟೇ.

ಡಾಕ್ಟರ ಬಳಿ ಹೇಳಬೇಕಾದದ್ದು

ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದೇ ಈ ತಳಿಯ ಆರೋಗ್ಯ. “ಊಟ ಹಾಕಲ್ವೇನ್ರೀ” ಅನ್ನುವ ನೆರೆಯವರ ಮಾತಿಗೆ ಕೊಬ್ಬಿಸಬೇಡಿ. ಜೋಳದ ರೊಟ್ಟಿ, ಹಾಲಿನ ಮೇಲಷ್ಟೇ ಬೆಳೆಸದೆ ಮೊಟ್ಟೆ, ಮಾಂಸ ಸೇರಿಸಿ. ಆಪರೇಷನ್ ಇದ್ದರೆ ಇದು ಗ್ರೇಹೌಂಡ್ ಬಗೆಯ ನಾಯಿ ಅಂತ ಮೊದಲೇ ತಿಳಿಸಿ: ಈ ಬಗೆಯ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟಲ್‌ನಂಥ ಅರಿವಳಿಕೆ ಬೇಗ ಇಳಿಯುವುದಿಲ್ಲ. ರೇಬೀಸ್ ಲಸಿಕೆ ಮೂರನೇ ತಿಂಗಳಲ್ಲಿ, ಆಮೇಲೆ ಡಾಕ್ಟರು ಹೇಳಿದ ಬೂಸ್ಟರ್, ನಂತರ ವರ್ಷಕ್ಕೊಮ್ಮೆ, ಕಾರ್ಡು ಜೋಪಾನ.

ಕಚ್ಚಿದರೆ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಅಂತ 23 ತಳಿಗಳ ಸಾಕಣೆ, ಮಾರಾಟ ತಡೆಯಲು ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪಟ್ಟಿಯಲ್ಲಿ ಮುಧೋಳ ಇರಲಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ತಳಿ ಕೇಳುವುದಿಲ್ಲ: ಸಾಕಿದ ಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿದವರಿಗೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮೊದಲು ನಾಯಿಯನ್ನು ಕೋಣೆಗೆ ಹಾಕಿ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ, ಬಿಗಿಯಾದ ಕಟ್ಟೂ ಬೇಡ. ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಚುಚ್ಚುಮದ್ದೂ ಬೇಕಾಗುತ್ತದೆ, ಅದಿರುವ ದೊಡ್ಡಾಸ್ಪತ್ರೆಗೇ ಕರೆದೊಯ್ಯಿರಿ. ಲಸಿಕೆ ಕಾರ್ಡಿನ ಫೋಟೋ ಕಚ್ಚಿಸಿಕೊಂಡವರಿಗೆ ಕಳಿಸಿ. ನಾಯಿಯನ್ನು ಹತ್ತು ದಿನ ಬೇರೆ ಇಟ್ಟು ನೋಡಿಕೊಳ್ಳಬೇಕು. ಆ ಹತ್ತು ದಿನದಲ್ಲಿ ಅದನ್ನು ಬೇರೆಯವರಿಗೆ ಕೊಡುವುದು, ಊರಾಚೆ ಬಿಟ್ಟುಬರುವುದು ಮಾಡಿದರೆ ಕಚ್ಚಿಸಿಕೊಂಡವರ ಚಿಕಿತ್ಸೆಗೆ ಬೇಕಾದ ಮಾಹಿತಿಯೂ ಕೈತಪ್ಪುತ್ತದೆ. ನೀರು, ಊಟ ಬಿಟ್ಟರೆ, ಜೊಲ್ಲು ಸುರಿಸಿದರೆ, ಬೊಗಳುವ ದನಿ ಬದಲಾದರೆ ಹತ್ತಿರ ಹೋಗದೆ ಪಶುವೈದ್ಯರಿಗೆ ಫೋನ್ ಮಾಡಿ.